ನಿಮ್ಮ ಹೊಲಕ್ಕೆ ಯಾವ ಬಣ್ಣ? ಮಹಾಯೋಜನೆ ಪರಿಷ್ಕರಣೆಯಲ್ಲಿ ಹಾಲು ಉತ್ಪಾದಕರು ತಿಳಿದಿರಬೇಕಾದ ವಿಷಯಗಳು



ಹಸುವಿಗೆ ಕಾಯಿಲೆ ಬಂದರೆ ಕೂಡಲೇ ಪಶುವೈದ್ಯರನ್ನು ಕರೆಯುತ್ತೀರಿ. ಹಾಲಿನ ದರದಲ್ಲಿ ಐವತ್ತು ಪೈಸೆ ವ್ಯತ್ಯಾಸವಾದರೂ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳುತ್ತೀರಿ. ಇದು ಸರಿಯಾದದ್ದೇ. ಆದರೆ ಹಸು ಕಟ್ಟುವ ಕೊಟ್ಟಿಗೆ, ಮೇವು ಬೆಳೆಯುವ ಹೊಲ, ದನ ಮೇಯುವ ಗೋಮಾಳ ಇವೆಲ್ಲ ಮುಂದಿನ ವರ್ಷಗಳಲ್ಲಿ ಯಾವ ಉಪಯೋಗಕ್ಕೆ ಎಂಬ ತೀರ್ಮಾನ ನಡೆಯುವಾಗ ನಮ್ಮಲ್ಲಿ ಬಹುಮಂದಿ ಸುಮ್ಮನಿರುತ್ತೇವೆ. ಅಂಥ ತೀರ್ಮಾನ ನಡೆಯುತ್ತಿದೆ ಎಂಬುದೇ ನಮಗೆ ತಿಳಿದಿರುವುದಿಲ್ಲ. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ಒಂದು ಪ್ರಕಟಣೆ ಬರುತ್ತದೆ, ಗಡುವು ಮುಗಿಯುತ್ತದೆ, ಆಮೇಲೆ ಯಾರೋ ಸರ್ವೆ ಕಲ್ಲು ನೆಡಲು ಬಂದಾಗ ನಾವು ಕಚೇರಿಗೆ ಓಡುತ್ತೇವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುತ್ತದೆ.

ಪಟ್ಟಣ ಬೆಳೆಯುತ್ತಿರುವ ಎಲ್ಲ ಕಡೆಯೂ ಈ ಪ್ರಶ್ನೆ ಇಂದಲ್ಲ ನಾಳೆ ಬರುತ್ತದೆ. ಆದ್ದರಿಂದ ಮಹಾಯೋಜನೆ ಎಂದರೇನು, ಅದನ್ನು ಪರಿಷ್ಕರಿಸುವಾಗ ಕಾನೂನು ನಿಮಗೆ ಕೊಟ್ಟಿರುವ ಅವಕಾಶ ಯಾವುದು, ಅದನ್ನು ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ತಿಳಿಸಲಾಗಿದೆ.

ಮಹಾಯೋಜನೆ ಎಂದರೇನು?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ಎಂಬ ಕಾನೂನು ನಮ್ಮ ರಾಜ್ಯದಲ್ಲಿ ಜಾರಿಯಲ್ಲಿದೆ. ಇದರ ಪ್ರಕಾರ ಸರ್ಕಾರವು ಒಂದು ಪಟ್ಟಣವನ್ನೂ ಅದರ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ 'ಸ್ಥಳೀಯ ಯೋಜನಾ ಪ್ರದೇಶ' ಎಂದು ಘೋಷಿಸುತ್ತದೆ. ಆ ಪ್ರದೇಶಕ್ಕೆ ಒಂದು ಯೋಜನಾ ಪ್ರಾಧಿಕಾರ ಇರುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರ ಇರುವ ಊರುಗಳಲ್ಲಿ ಸಾಮಾನ್ಯವಾಗಿ ಅದೇ ಈ ಕೆಲಸ ನೋಡಿಕೊಳ್ಳುತ್ತದೆ. ಯಾವ ಜಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ರಸ್ತೆ, ಎಲ್ಲಿ ಉದ್ಯಾನ, ಎಲ್ಲಿ ಬೇಸಾಯ ಎಂದು ಪ್ರಾಧಿಕಾರವು ತಯಾರಿಸುವ ದೊಡ್ಡ ಯೋಜನೆಯೇ ಮಹಾಯೋಜನೆ. ರೂಢಿಯಲ್ಲಿ ಮಾಸ್ಟರ್ ಪ್ಲಾನ್ ಎನ್ನುತ್ತೇವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. "ನಮ್ಮದು ಗ್ರಾಮ ಪಂಚಾಯಿತಿ, ನಗರಸಭೆಯ ಕಾನೂನು ನಮಗೇಕೆ?" ಎಂದು ಅನೇಕ ಸದಸ್ಯರು ಕೇಳುತ್ತಾರೆ. ನಿಮ್ಮೂರು ಪಂಚಾಯಿತಿಯಲ್ಲೇ ಇದ್ದರೂ ಸ್ಥಳೀಯ ಯೋಜನಾ ಪ್ರದೇಶದ ಗಡಿಯೊಳಗೆ ಸೇರಿದ್ದರೆ ಮಹಾಯೋಜನೆ ನಿಮಗೂ ಅನ್ವಯಿಸುತ್ತದೆ. ಬೆಂಗಳೂರಿನ ಸುತ್ತ ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಕನಕಪುರ ಕಡೆಯ ನೂರಾರು ಹಳ್ಳಿಗಳು ಹೀಗೆ ಯೋಜನಾ ಪ್ರದೇಶಗಳೊಳಗೆ ಬಂದಿವೆ. ನಿಮ್ಮೂರು ಸೇರಿದೆಯೇ ಇಲ್ಲವೇ ಎಂಬುದನ್ನು ಪಂಚಾಯಿತಿ ಕಚೇರಿಯಲ್ಲಿ ಅಥವಾ ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮೊದಲ ಕೆಲಸ ಇದೇ.

ನಕ್ಷೆಯಲ್ಲಿ ಬಣ್ಣ, ಪುಸ್ತಕದಲ್ಲಿ ನಿಯಮ

ಮಹಾಯೋಜನೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು ನಕ್ಷೆ, ಇನ್ನೊಂದು ವಲಯ ನಿಯಮಾವಳಿ.

ನಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣವಿರುತ್ತದೆ. ಸಾಮಾನ್ಯವಾಗಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಸಾರ್ವಜನಿಕ ಉಪಯೋಗ, ಗಾಢ ಹಸಿರು ಎಂದರೆ ಉದ್ಯಾನ, ತಿಳಿ ಹಸಿರು ಎಂದರೆ ಕೃಷಿ. ನಕ್ಷೆಯ ಮೂಲೆಯಲ್ಲಿ ಬಣ್ಣಗಳ ವಿವರ ಕೊಟ್ಟಿರುತ್ತಾರೆ, ಅದನ್ನು ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಬಣ್ಣದ ಜೊತೆಗೆ ಉದ್ದೇಶಿತ ರಸ್ತೆಗಳ ಗೆರೆಗಳೂ ಇರುತ್ತವೆ. ನಿಮ್ಮ ಹೊಲದ ನಡುವೆ ಅಂಥ ಗೆರೆ ಹಾದುಹೋಗಿದ್ದರೆ ಆ ಭಾಗದಲ್ಲಿ ಕಟ್ಟಡಕ್ಕೆ ಅನುಮತಿ ಸಿಗುವುದು ಕಷ್ಟ.

ವಲಯ ನಿಯಮಾವಳಿ ಎಂಬುದು ಪುಸ್ತಕ. ಯಾವ ಬಣ್ಣದ ಜಾಗದಲ್ಲಿ ಏನು ಮಾಡಬಹುದು, ಎಷ್ಟು ದೊಡ್ಡ ಕಟ್ಟಡ ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಜನರು ನಕ್ಷೆಯನ್ನು ನೋಡಿ, "ನಮ್ಮ ಹೊಲ ಹಸಿರಲ್ಲೇ ಇದೆ, ಚಿಂತೆಯಿಲ್ಲ" ಎಂದು ಮನೆಗೆ ಬರುತ್ತಾರೆ. ಪುಸ್ತಕ ತೆರೆದು ನೋಡುವವರು ಕಡಿಮೆ. ಹಾಲು ಉತ್ಪಾದಕರಿಗೆ ಬೇಕಾದ ಮಾತು ಇರುವುದು ಆ ಪುಸ್ತಕದಲ್ಲೇ.

ಬೆಂಗಳೂರಿನ ವಲಯ ನಿಯಮಾವಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಕೃಷಿ ವಲಯದಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಬೇಸಾಯ, ತೋಟಗಾರಿಕೆಗಳ ಜೊತೆಗೆ ಹೈನುಗಾರಿಕೆ, ಕೋಳಿ ಸಾಕಣೆ, ಹಾಲು ಶೀತಲೀಕರಣ ಕೇಂದ್ರ ಎಂಬ ಮಾತುಗಳನ್ನು ಸ್ಪಷ್ಟವಾಗಿ ಸೇರಿಸಲಾಗಿತ್ತು. ಜಮೀನಿನ ಒಡೆಯನ ಉಪಯೋಗಕ್ಕಾಗಿ ಕಟ್ಟುವ ತೋಟದ ಮನೆಗೆ ಇಷ್ಟು ಚದರ ಮೀಟರ್ ಎಂಬ ಮಿತಿಯೂ ಇತ್ತು. ಈ ಪಟ್ಟಿಯಲ್ಲಿ ಒಂದು ಪದ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸವೆಂದು ಯೋಚಿಸಿ. 'ಹೈನುಗಾರಿಕೆ' ಎಂಬ ಪದವಿದ್ದರೆ ನೀವು ಅನುಮತಿ ಕೇಳುವಾಗ ಆ ಸಾಲನ್ನು ತೋರಿಸಬಹುದು. ಅದು ಬಿಟ್ಟುಹೋಗಿದ್ದರೆ ಅಧಿಕಾರಿಯ ಅಭಿಪ್ರಾಯದ ಮೇಲೆ ನಿಂತಿರಬೇಕಾಗುತ್ತದೆ. ಆದ್ದರಿಂದ ಕರಡು ಬಂದಾಗ ಹೊಸ ಪುಸ್ತಕವನ್ನೂ ಹಳೆಯ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ಕೃಷಿ ವಲಯದ ಪುಟವನ್ನು ಸಾಲು ಸಾಲಾಗಿ ಹೋಲಿಸಿ ನೋಡಬೇಕು.

ಹೈನುಗಾರಿಕೆ ಕೃಷಿಯೇ ಅಲ್ಲವೇ ಎಂದು ಕೆಲವರು ಕೇಳಬಹುದು. ಹೌದು. ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ರ ವ್ಯಾಖ್ಯೆಯಲ್ಲಿ ಹೈನುಗಾರಿಕೆ, ಜಾನುವಾರು ತಳಿ ಸಂವರ್ಧನೆ, ಹುಲ್ಲು ಬೆಳೆಯುವುದು, ಮೇಯಿಸುವುದು ಇವೆಲ್ಲ 'ಕೃಷಿ' ಎಂಬುದರೊಳಗೇ ಸೇರಿವೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಂ ಪ್ರಕಾರ ರೈತನು ತನ್ನ ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ ಮುಂತಾದವನ್ನು ಮಾಡಿಕೊಳ್ಳಬಹುದು. ವಲಯ ನಿಯಮಾವಳಿಯಲ್ಲಿ ಹೈನುಗಾರಿಕೆಯನ್ನು ಸೇರಿಸಿ ಎಂದು ಕೇಳುವಾಗ ಈ ಎರಡು ಕಾಯ್ದೆಗಳನ್ನು ಹೆಸರಿಸಿ ಬರೆದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಬಣ್ಣ ಬದಲಾದರೆ ನಮಗೇನು?

ಹಸಿರು ಇದ್ದದ್ದು ಹಳದಿಯಾಯಿತು ಎಂದ ಮಾತ್ರಕ್ಕೆ ಮಾರನೆಯ ದಿನ ಬೆಳಿಗ್ಗೆ ಯಾರೂ ಬಂದು ಕೊಟ್ಟಿಗೆ ಕೀಳುವುದಿಲ್ಲ. ಹೊಲವೂ ನಿಮ್ಮದೇ ಆಗಿರುತ್ತದೆ. ತೊಂದರೆ ನಿಧಾನವಾಗಿ ಬರುತ್ತದೆ.

ಮೊದಲನೆಯದು, ವಿಸ್ತರಣೆ. ಎರಡು ಹಸುವಿನ ಕೊಟ್ಟಿಗೆಯನ್ನು ಹತ್ತು ಹಸುವಿನದಾಗಿ ಮಾಡಲು ಹೊರಟಾಗ ಹೊಸ ಕಟ್ಟಡವು ಹೊಸ ವಲಯಕ್ಕೆ ಒಪ್ಪುವಂತಿರಬೇಕು. ಸಾಲ ಕೊಡುವ ಬ್ಯಾಂಕು ಮಂಜೂರಾದ ನಕ್ಷೆ ಕೇಳಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು, ನೆರೆಹೊರೆ. ಪಕ್ಕದ ಹೊಲಗಳು ಬಡಾವಣೆಯಾಗಿ ಮನೆಗಳೆದ್ದ ಮೇಲೆ ಸಗಣಿ, ಗಂಜಲ, ನೊಣ ಎಂದು ದೂರುಗಳು ಆರಂಭವಾಗುತ್ತವೆ. ಒಂದು ಮಿಶ್ರತಳಿ ಹಸು ದಿನಕ್ಕೆ ಹತ್ತು ಹದಿನೈದು ಕಿಲೋ ಸಗಣಿ ಹಾಕುತ್ತದೆ. ಹೊಲವಿದ್ದಾಗ ಅದು ಗೊಬ್ಬರ, ಹೊಲವಿಲ್ಲದಾಗ ಅದೇ ಕಸ. ಊರು ಪಟ್ಟಣದ ಆಡಳಿತಕ್ಕೆ ಸೇರಿದರೆ ದನ ಕಟ್ಟುವುದಕ್ಕೇ ಪರವಾನಗಿಯ ಪ್ರಶ್ನೆ ಏಳುತ್ತದೆ.

ಮೂರನೆಯದು, ಮೇವು. ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ ಕನಿಷ್ಠ 25 ಕಿಲೋ ಹಸಿರು ಮೇವು ಬೇಕೆಂದು ಇಟ್ಟುಕೊಳ್ಳಿ. ಮೂರು ಹಸುವಿಗೆ ದಿನಕ್ಕೆ 75 ಕಿಲೋ. ವರ್ಷಕ್ಕೆ 27,375 ಕಿಲೋ, ಅಂದರೆ 27 ಟನ್ನಿಗೂ ಮೇಲೆ. ನಿಮ್ಮ ಅರ್ಧ ಎಕರೆ ನೇಪಿಯರ್ ಹುಲ್ಲು, ಬದುವಿನ ಹುಲ್ಲು, ಪಕ್ಕದವರ ಹೊಲದಿಂದ ಕೊಯ್ದು ತರುವ ಹುಲ್ಲು ಇವೆಲ್ಲ ಹೋದರೆ ಇದನ್ನು ಹಣ ಕೊಟ್ಟೇ ತರಬೇಕು. ನಿಮ್ಮೂರಿನ ಮೇವಿನ ದರದಿಂದ ಒಮ್ಮೆ ಗುಣಿಸಿ ನೋಡಿ. ಹಾಲಿನ ಬಟವಾಡೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ನಾಲ್ಕನೆಯದು, ಸಂಘ. ಸುತ್ತಲಿನ ಉತ್ಪಾದಕರು ಒಬ್ಬೊಬ್ಬರಾಗಿ ಹಸು ಮಾರಿದರೆ ಸಂಘಕ್ಕೆ ಬರುವ ಹಾಲು ಕಡಿಮೆಯಾಗುತ್ತದೆ. ಉಳಿದವರಿಗೂ ಹಾಲಿನ ಮಾರ್ಗದ ಲಾರಿ, ಶೀತಲೀಕರಣ ಘಟಕ, ಕೃತಕ ಗರ್ಭಧಾರಣೆಯ ಸೇವೆ ದುಬಾರಿಯಾಗುತ್ತವೆ. ಆದ್ದರಿಂದ ನೆರೆಯವರ ಹೊಲದ ಬಣ್ಣ ನಿಮಗೂ ಸಂಬಂಧಪಟ್ಟದ್ದೇ.

ಬೆಂಗಳೂರಿನಿಂದ ಕಲಿಯಬೇಕಾದ ಪಾಠ

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಬೆಂಗಳೂರಿನ ಕಥೆ ಕಣ್ಣ ಮುಂದಿದೆ. 1984ರಲ್ಲಿ ಸರ್ಕಾರದ ಒಪ್ಪಿಗೆ ಪಡೆದ ಬೆಂಗಳೂರಿನ ಸಮಗ್ರ ಅಭಿವೃದ್ಧಿ ಯೋಜನೆಯು ಸುಮಾರು 1,279 ಚದರ ಕಿಲೋಮೀಟರ್ ಪ್ರದೇಶವನ್ನು ಒಳಗೊಂಡಿತ್ತು. ಅದರಲ್ಲಿ ಸುಮಾರು 440 ಚದರ ಕಿಲೋಮೀಟರನ್ನು ನಗರ ಬೆಳೆಯಲು ಬಿಟ್ಟು, ಉಳಿದದ್ದನ್ನು ಹಸಿರು ವಲಯವೆಂದು ಕಾಯ್ದಿರಿಸಲಾಗಿತ್ತು. ಮೂರರಲ್ಲಿ ಎರಡು ಪಾಲು ಹಸಿರು. ತರಕಾರಿ, ಹೂವು, ರಾಗಿ, ಹಾಲು ಬರುತ್ತಿದ್ದ ಹಳ್ಳಿಗಳು ಇವೇ. 1995ರಲ್ಲಿ ಯೋಜನೆ ಪರಿಷ್ಕರಣೆಯಾಯಿತು. 2007ರಲ್ಲಿ ಮತ್ತೊಮ್ಮೆ ಪರಿಷ್ಕರಣೆಯಾಗಿ, 2015ನೇ ಇಸವಿಯವರೆಗಿನ ಯೋಜನೆ ಬಂತು. ಪ್ರತಿ ಪರಿಷ್ಕರಣೆಯಲ್ಲೂ ನಗರದ ಭಾಗ ಹಿಗ್ಗಿತು, ಹಸಿರಿನ ಭಾಗ ಕುಗ್ಗಿತು.

1923ರಲ್ಲಿ ದೇಶದ ಹೈನು ಸಂಶೋಧನೆಗೆಂದು ಬೆಂಗಳೂರಿನಲ್ಲಿ ಸಂಸ್ಥೆಯೊಂದು ಆರಂಭವಾಯಿತು. ಇಂದು ಆಡುಗೋಡಿಯಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರಕ್ಕೆ ಮೂಲ ಅದೇ. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋಗಿ ಗೋಪಾಲನೆಯ ವಿಷಯ ತಿಳಿದುಕೊಂಡಿದ್ದರು. ಇಂದು ಆ ಕೇಂದ್ರದ ನಾಲ್ಕೂ ಕಡೆ ನಗರವಿದೆ. ಸರ್ಕಾರದ ಸಂಸ್ಥೆಯಾದ್ದರಿಂದ ಅದು ಉಳಿದಿದೆ. ನಮ್ಮ ನಿಮ್ಮಂಥವರ ಒಂದೆಕರೆ ಹೊಲಕ್ಕೆ ಅಂಥ ಗೋಡೆ ಇಲ್ಲ.

2017ರ ನವೆಂಬರಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2031ರವರೆಗಿನ ಕರಡು ಮಹಾಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಿತು. ಸಾವಿರಾರು ಆಕ್ಷೇಪಣೆಗಳು ಬಂದವು. ಆ ಕರಡು ಅಂತಿಮ ಒಪ್ಪಿಗೆ ಪಡೆಯಲಿಲ್ಲ. 2020ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಜನ ಬರೆದದ್ದರಿಂದಲೇ ಹೀಗಾಯಿತು ಎಂದು ಹೇಳಲಾಗದು, ಬೇರೆ ಕಾರಣಗಳೂ ಇರುತ್ತವೆ. ಆದರೆ ಕರಡು ಎಂದರೆ ಕಲ್ಲಿನ ಮೇಲೆ ಕೆತ್ತಿದ ಶಾಸನವಲ್ಲ, ಅದು ಬದಲಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಅರವತ್ತು ದಿನಗಳ ಅವಕಾಶ

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಯ್ದೆಯಂತೆ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಪ್ರಾಧಿಕಾರವು ಹೊಸದಾಗಿ ಸರ್ವೆ ಮಾಡಿ ಕರಡು ತಯಾರಿಸಿ ಸರ್ಕಾರಕ್ಕೆ ಕಳುಹಿಸುತ್ತದೆ. ಸರ್ಕಾರ ನೋಡಿ ಹಿಂದಿರುಗಿಸಿದ ಮೇಲೆ ಪ್ರಾಧಿಕಾರವು ಅದನ್ನು ಅಧಿಸೂಚನೆಯ ಮೂಲಕ ಪ್ರಕಟಿಸುತ್ತದೆ. ಪ್ರಕಟವಾದ ದಿನದಿಂದ 60 ದಿನಗಳೊಳಗೆ ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ತಿಳಿಸಬಹುದು ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಲೇಬೇಕು. ಪರಿಶೀಲಿಸಿ, ಯಾವ ತಿದ್ದುಪಡಿ ಅಗತ್ಯವೆಂದು ಶಿಫಾರಸು ಮಾಡಿ ಮತ್ತೆ ಸರ್ಕಾರಕ್ಕೆ ಕಳುಹಿಸಬೇಕು. ಆಮೇಲೆಯೇ ಅಂತಿಮ ಒಪ್ಪಿಗೆ.

ಅಂದರೆ ಹತ್ತು ವರ್ಷದಲ್ಲಿ ನಮ್ಮ ಪಾಲಿಗೆ ಬರುವುದು ಅರವತ್ತೇ ದಿನ. ಈ ದಿನಗಳಲ್ಲಿ ಕೊಟ್ಟ ಒಂದು ಪುಟದ ಅರ್ಜಿಗೆ ಇರುವ ಬೆಲೆ, ಯೋಜನೆ ಅಂತಿಮವಾದ ಮೇಲೆ ಹತ್ತು ಬಾರಿ ಕಚೇರಿಗೆ ಅಲೆದರೂ ಬರುವುದಿಲ್ಲ. ಅತ್ತ ಮಗುವಿಗೇ ಹಾಲು ಎಂಬ ಗಾದೆ ನಮಗೆ ಹೊಸದಲ್ಲ. ಪ್ರಕಟಣೆಯಲ್ಲಿ ನಮೂದಿಸಿರುವ ಕೊನೆಯ ದಿನಾಂಕವನ್ನು ಸಂಘದ ಸೂಚನಾ ಫಲಕದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು.

ಯಾರು ಬರೆಯಬಹುದು?

ಬಹಳ ಜನರಿಗೆ ತಿಳಿಯದ ಸಂಗತಿ ಇದು. ಪಹಣಿಯಲ್ಲಿ ಹೆಸರಿದ್ದವರು ಮಾತ್ರ ಆಕ್ಷೇಪಣೆ ಸಲ್ಲಿಸಬೇಕೆಂದು ಕಾಯ್ದೆ ಹೇಳಿಲ್ಲ. ಸಾರ್ವಜನಿಕರಲ್ಲಿ ಯಾರು ಬೇಕಾದರೂ ಬರೆಯಬಹುದು.

ಇದು ನಮಗೆ ಏಕೆ ಮುಖ್ಯ? ನಮ್ಮ ಸಂಘಗಳಲ್ಲಿ ಒಂದು ಗುಂಟೆ ಜಮೀನೂ ಇಲ್ಲದೆ ಒಂದೆರಡು ಹಸು ಕಟ್ಟಿ ಸಂಸಾರ ಸಾಗಿಸುವ ಸದಸ್ಯರಿದ್ದಾರೆ. ಜಮೀನು ಗಂಡನ ಅಥವಾ ಮಾವನ ಹೆಸರಿನಲ್ಲಿದ್ದು, ಹಸುವಿನ ಕೆಲಸವನ್ನೆಲ್ಲ ತಾವೇ ಮಾಡುವ ಮಹಿಳೆಯರಿದ್ದಾರೆ. ಬೇರೆಯವರ ಹೊಲವನ್ನು ವಾರಕ್ಕೆ ಮಾಡುವವರಿದ್ದಾರೆ. ಹೊಲದ ಬಣ್ಣ ಬದಲಾದರೆ ಒಡೆಯನಿಗೆ ಬೆಲೆಯಾದರೂ ಸಿಗುತ್ತದೆ, ಇವರಿಗೆ ಹುಲ್ಲೂ ಹೋಗುತ್ತದೆ, ಬೆಲೆಯೂ ಇಲ್ಲ. ಇಂಥವರ ಮಾತು ಕಡತದಲ್ಲಿ ದಾಖಲಾಗಲು ಕಾಯ್ದೆ ಬಾಗಿಲು ತೆರೆದಿದೆ. ಅವರು ಬರೆಯಬೇಕು. ಬರೆಯಲು ಬಾರದವರಿಗೆ ಸಂಘದ ಕಾರ್ಯದರ್ಶಿಗಳು ಬರೆದುಕೊಟ್ಟು ಹೆಬ್ಬೆಟ್ಟಿನ ಗುರುತು ಪಡೆಯಬೇಕು.

ಯೋಜಿತ ಜಾಗದ ಬಗ್ಗೆ ಮಾತಾಡಲು ಒಡೆತನ ಬೇಕಾಗಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು ಕೂಡ ಎತ್ತಿಹಿಡಿದಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಅವರಿಗೆ ಪ್ರಶ್ನಿಸುವ ಹಕ್ಕಿದೆ, ಆ ಹಂಚಿಕೆ ಸರಿಯಲ್ಲ ಎಂದು 1991ರಲ್ಲಿ ತೀರ್ಪಾಯಿತು.

ಗೋಮಾಳದ ವಿಷಯ

ಹೊಲಕ್ಕಾದರೆ ಒಡೆಯನಿದ್ದಾನೆ. ಗೋಮಾಳಕ್ಕೆ ಊರೇ ಒಡೆಯ, ಆದ್ದರಿಂದಲೇ ಕೇಳುವವರಿಲ್ಲ. ಮಹಾಯೋಜನೆ ತಯಾರಿಸುವಾಗ ಖಾಲಿ ಕಾಣುವ ಸರ್ಕಾರಿ ಜಾಗಗಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಬಸ್ ನಿಲ್ದಾಣ, ಕಚೇರಿ, ಕಸ ವಿಲೇವಾರಿ, ಬಡಾವಣೆ ಹೀಗೆ ಹಲವು ಉದ್ದೇಶಗಳಿಗೆ ಗುರುತು ಹಾಕುತ್ತಾರೆ. ಇವುಗಳಲ್ಲಿ ಅನೇಕ ಕೆಲಸಗಳು ಊರಿಗೆ ಬೇಕಾದವೇ. ಆದರೆ ದನಗಳಿಗೂ ಒಂದು ಲೆಕ್ಕವಿದೆ.

ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಜಾನುವಾರುಗಳ ಮೇವಿಗಾಗಿ ಸರ್ಕಾರಿ ಜಮೀನನ್ನು ಕಾಯ್ದಿರಿಸಲು ಅವಕಾಶವಿದೆ. ಭೂ ಕಂದಾಯ ನಿಯಮಗಳು, 1966ರ 97ನೇ ನಿಯಮವು ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆಯ ಪ್ರಮಾಣವನ್ನು ಹೇಳುತ್ತದೆ. ಕೆಲವು ಸಂದರ್ಭಗಳಲ್ಲಿ ಇದನ್ನು ಕಡಿಮೆ ಮಾಡಲು ನಿಯಮದಲ್ಲೇ ಅವಕಾಶವೂ ಇದೆ. ನಿಮ್ಮೂರಿನಲ್ಲಿ 250 ಜಾನುವಾರುಗಳಿದ್ದರೆ ಮೂಲ ಲೆಕ್ಕದಂತೆ 30 ಹೆಕ್ಟೇರ್, ಸುಮಾರು 74 ಎಕರೆ ಆಗುತ್ತದೆ. ಈಗ ಎಷ್ಟಿದೆ? ಪಹಣಿಯಲ್ಲಿ ಎಷ್ಟು, ನೆಲದ ಮೇಲೆ ಎಷ್ಟು?

ಸಾರ್ವಜನಿಕ ಗ್ರಾಮ ಭೂಮಿಯ ಅಕ್ರಮ ಒತ್ತುವರಿಯನ್ನು ತೆರವುಗೊಳಿಸಿ ಊರಿನ ಉಪಯೋಗಕ್ಕೇ ಹಿಂದಿರುಗಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಗೋಮಾಳದ ಸರ್ವೆ ನಂಬರು ಕರಡು ನಕ್ಷೆಯಲ್ಲಿ ಬೇರೆ ಬಣ್ಣ ಪಡೆದಿದ್ದರೆ ಜಾನುವಾರುಗಳ ಸಂಖ್ಯೆಯನ್ನು ಕೊಟ್ಟು ಆಕ್ಷೇಪಿಸಿ. ಪಶು ಆಸ್ಪತ್ರೆಯ ಗಣತಿಯ ಅಂಕಿಯೂ ಸಂಘದ ಸದಸ್ಯರ ಪಟ್ಟಿಯೂ ಇದಕ್ಕೆ ಒಳ್ಳೆಯ ಆಧಾರ. ಗ್ರಾಮ ಪಂಚಾಯಿತಿಯಿಂದಲೂ ನಿರ್ಣಯ ಮಾಡಿಸಿ ಕಳುಹಿಸಿದರೆ ಇನ್ನೂ ಉತ್ತಮ.

ಅರ್ಜಿಯಲ್ಲಿ ಏನಿರಬೇಕು?

"ನಮಗೆ ಅನ್ಯಾಯವಾಗಿದೆ, ಯೋಜನೆ ರದ್ದು ಮಾಡಿ" ಎಂದು ಬರೆದರೆ ಅದನ್ನು ಓದಿ ಕಡತಕ್ಕೆ ಸೇರಿಸುತ್ತಾರೆ, ಅಷ್ಟೇ. ಯಾವ ಜಾಗ, ಏನು ತಪ್ಪು, ಏನು ಮಾಡಬೇಕು ಎಂಬ ಮೂರು ಮಾತು ಸ್ಪಷ್ಟವಾಗಿರಬೇಕು. ಮಾದರಿ ಇಲ್ಲಿದೆ.

ಇವರಿಗೆ: ಸದಸ್ಯ ಕಾರ್ಯದರ್ಶಿಯವರು ಅಥವಾ ಆಯುಕ್ತರು, ............ ಪ್ರಾಧಿಕಾರ.

ವಿಷಯ: ದಿನಾಂಕ ......... ರಂದು ಪ್ರಕಟಿಸಿದ ಕರಡು ಮಹಾಯೋಜನೆಯ ಬಗ್ಗೆ ಆಕ್ಷೇಪಣೆ ಮತ್ತು ಸಲಹೆ.

ಮಾನ್ಯರೇ, ನಾನು ......... ಗ್ರಾಮದ ನಿವಾಸಿ ಹಾಗೂ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯ. ನನ್ನಲ್ಲಿ ......... ಹಸುಗಳಿವೆ. ......... ಗ್ರಾಮದ ಸರ್ವೆ ನಂಬರು ......... ರ ......... ಎಕರೆ ......... ಗುಂಟೆ ಜಮೀನು ಕರಡಿನಲ್ಲಿ ......... ವಲಯವೆಂದು ಗುರುತಾಗಿದೆ. ವಾಸ್ತವವಾಗಿ ಈ ಜಮೀನಿನಲ್ಲಿ ಮೇವಿನ ಬೆಳೆ ಮತ್ತು ಕೊಟ್ಟಿಗೆ ಇದೆ. ಆದ್ದರಿಂದ ಇದನ್ನು ಕೃಷಿ ವಲಯದಲ್ಲೇ ಉಳಿಸಬೇಕೆಂದೂ, ಕೃಷಿ ವಲಯದ ಅನುಮತಿಸಿದ ಉಪಯೋಗಗಳ ಪಟ್ಟಿಯಲ್ಲಿ ಹೈನುಗಾರಿಕೆ, ದನದ ಕೊಟ್ಟಿಗೆ, ಹಾಲು ಸಂಗ್ರಹಣಾ ಕೇಂದ್ರ ಮತ್ತು ಹಾಲು ಶೀತಲೀಕರಣ ಕೇಂದ್ರಗಳನ್ನು ಸ್ಪಷ್ಟವಾಗಿ ನಮೂದಿಸಬೇಕೆಂದೂ ಕೋರುತ್ತೇನೆ.

ಜಮೀನಿಲ್ಲದ ಸದಸ್ಯರು ತಾವು ಹುಲ್ಲು ತರುವ ಅಥವಾ ದನ ಮೇಯಿಸುವ ಜಾಗದ ಸರ್ವೆ ನಂಬರನ್ನು ಬರೆದರೆ ಸಾಕು. ಅರ್ಜಿಯ ಜೊತೆಗೆ ಪಹಣಿಯ ಪ್ರತಿ, ಸಂಘದ ಪಾಸ್ ಪುಸ್ತಕದ ಪ್ರತಿ, ಜಾಗದ ಒಂದು ಫೋಟೋ ಇರಲಿ. ಎರಡು ಪ್ರತಿ ಮಾಡಿಸಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ದಿನಾಂಕ ಪಡೆದು ಜೋಪಾನವಾಗಿಡಿ. ಅಂಚೆಯಲ್ಲಿ ಕಳುಹಿಸುವುದಾದರೆ ಗಡುವಿಗೆ ಮುಂಚೆ ತಲುಪುವಂತೆ ರಸೀದಿ ಸಿಗುವ ಅಂಚೆಯಲ್ಲೇ ಕಳುಹಿಸಿ.

ಕೊಟ್ಟ ಮೇಲೆ ಏನಾಯಿತೆಂದು ತಿಳಿಯದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಂತೆ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. "ನನ್ನ ಆಕ್ಷೇಪಣೆಯ ಮೇಲೆ ಪ್ರಾಧಿಕಾರ ಮಾಡಿದ ಶಿಫಾರಸಿನ ಪ್ರತಿ ಕೊಡಿ" ಎಂದು ಕೇಳಿ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು.

ನಡುವೆ ನಡೆಯುವ ಬದಲಾವಣೆ

ಹತ್ತು ವರ್ಷಕ್ಕೊಮ್ಮೆ ನಡೆಯುವ ಪರಿಷ್ಕರಣೆಯ ಹೊರತಾಗಿಯೂ ಒಂದೊಂದೇ ಸರ್ವೆ ನಂಬರಿನ ಉಪಯೋಗ ಬದಲಾಗುವುದುಂಟು. ಕಾಯ್ದೆಯ 14ಎ ಕಲಂ ಇದಕ್ಕೆ ಅವಕಾಶ ಕೊಡುತ್ತದೆ. ಕೃಷಿ ವಲಯದ ಜಮೀನನ್ನು ಹೀಗೆ ಬದಲಾಯಿಸಬೇಕಾದರೆ ಆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ಸರ್ಕಾರದ ಒಪ್ಪಿಗೆ ಬೇಕು, ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಇಂಥ ಪ್ರಕಟಣೆಗಳ ಗಡುವು ಚಿಕ್ಕದಾಗಿರುತ್ತದೆ. ಒಂದೇ ಸರ್ವೆ ನಂಬರು ಎಂದು ತಾತ್ಸಾರ ಮಾಡಬೇಡಿ. ಹೊಲಗಳ ನಡುವೆ ಒಂದು ಬಡಾವಣೆ ಬಂದರೆ ಕಾಲುದಾರಿ, ನೀರಿನ ಹರಿವು, ಅಂತರ್ಜಲ ಎಲ್ಲದರ ಮೇಲೂ ಪರಿಣಾಮವಾಗುತ್ತದೆ.

ಹಳದಿಯೇ ಬೇಕೆನ್ನುವವರ ಮಾತು

ಇಷ್ಟನ್ನು ಓದಿದ ಮೇಲೆ ಕೆಲವು ಸದಸ್ಯರಿಗೆ ಬೇರೆಯೇ ಅನಿಸಿಕೆ ಇರಬಹುದು. "ಹಸಿರಲ್ಲಿ ಇಟ್ಟರೆ ನಮ್ಮ ಜಮೀನಿಗೆ ಬೆಲೆ ಇಲ್ಲ. ಮಗಳ ಮದುವೆ, ಮಗನ ಓದು, ಸಾಲ ಇವಕ್ಕೆಲ್ಲ ಜಮೀನೇ ಆಧಾರ. ಹಳದಿಯಾದರೆ ಒಳ್ಳೆಯದೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಜಮೀನು ಅವರದು, ಕಷ್ಟ ಸುಖವೂ ಅವರದು. ನಗರಕ್ಕೆ ಹತ್ತಿರದ ರೈತನೊಬ್ಬನೇ ಹಸಿರನ್ನು ಹೊತ್ತು ನಷ್ಟ ಅನುಭವಿಸಬೇಕೆಂದು ಹೇಳುವುದು ನ್ಯಾಯವೂ ಅಲ್ಲ.

ಆದರೆ ತೀರ್ಮಾನಿಸುವ ಮುಂಚೆ ಎರಡು ಮಾತು ನೆನಪಿರಲಿ. ಹಳದಿ ಬಣ್ಣ ಬಂದ ಮಾತ್ರಕ್ಕೆ ಕೊಳ್ಳುವವರು ಬಾಗಿಲಿಗೆ ಬರುವುದಿಲ್ಲ. ರಸ್ತೆ, ನೀರು ಬರುವ ತನಕ ಕಾಯಬೇಕು, ಅಷ್ಟರಲ್ಲಿ ದಲ್ಲಾಳಿಗಳು ಕಡಿಮೆ ಬೆಲೆಗೆ ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುವುದುಂಟು. ಎರಡನೆಯದಾಗಿ, ಜಮೀನಿನ ಹಣ ಒಮ್ಮೆ ಬರುತ್ತದೆ, ಹಾಲಿನ ಹಣ ಬಟವಾಡೆಯಿಂದ ಬಟವಾಡೆಗೆ ಬರುತ್ತಲೇ ಇರುತ್ತದೆ. ಹಸಿರು ಬೇಕೆನ್ನುವವರೂ ಹಳದಿ ಬೇಕೆನ್ನುವವರೂ ಇಬ್ಬರೂ ಅರ್ಜಿ ಕೊಡಲಿ. ಪ್ರಾಧಿಕಾರದ ಮುಂದೆ ಊರಿನ ನಿಜವಾದ ಚಿತ್ರ ಬರಲಿ. ಯಾರೂ ಬರೆಯದಿದ್ದರೆ ಊರನ್ನು ನೋಡದವರೇ ಬಣ್ಣ ಹಚ್ಚುತ್ತಾರೆ.

ಸಂಘಗಳು ಮಾಡಬೇಕಾದ ಕೆಲಸ

1. ನಿಮ್ಮ ಗ್ರಾಮ ಸ್ಥಳೀಯ ಯೋಜನಾ ಪ್ರದೇಶದಲ್ಲಿದೆಯೇ, ಈಗಿನ ಮಹಾಯೋಜನೆ ಯಾವ ವರ್ಷದ್ದು, ಪರಿಷ್ಕರಣೆ ಯಾವಾಗ ಎಂದು ಆಡಳಿತ ಮಂಡಳಿಯವರು ವಿಚಾರಿಸಿ ದಾಖಲಿಸಬೇಕು.

2. ಒಪ್ಪಿಗೆಯಾದ ಮಹಾಯೋಜನೆ ಪ್ರಾಧಿಕಾರದ ಕಚೇರಿಯಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಬ್ಬರು ಸದಸ್ಯರು ಹೋಗಿ ನಿಮ್ಮ ಗ್ರಾಮದ ಹಾಳೆಯನ್ನು ನೋಡಿ ಬರಲಿ. ಗೋಮಾಳ, ಕೆರೆ, ಕಾಲುದಾರಿ, ಸಂಘದ ಕಟ್ಟಡ ಇವುಗಳ ಬಣ್ಣ ಬರೆದುಕೊಳ್ಳಲಿ.

3. ಕರಡು ಪ್ರಕಟವಾದ ಕೂಡಲೇ, ವಾರ್ಷಿಕ ಮಹಾಸಭೆಗೆ ಕಾಯದೆ, ಆಡಳಿತ ಮಂಡಳಿಯ ಸಭೆ ಕರೆದು ನಿರ್ಣಯ ಮಾಡಿ ಕಳುಹಿಸಬೇಕು. ಸಂಘದ ನಿರ್ಣಯ ಒಂದು ಕಡೆ, ಸದಸ್ಯರ ಬಿಡಿ ಅರ್ಜಿಗಳು ಇನ್ನೊಂದು ಕಡೆ, ಎರಡೂ ಇರಬೇಕು.

4. ಅಕ್ಕಪಕ್ಕದ ಸಂಘಗಳು ಸೇರಿ ಒಂದು ದಿನ ಗೊತ್ತುಮಾಡಿಕೊಂಡು ಒಟ್ಟಿಗೆ ಅರ್ಜಿ ಸಲ್ಲಿಸಿದರೆ ಓಡಾಟದ ಖರ್ಚು ಉಳಿಯುತ್ತದೆ, ಮಾತಿಗೆ ಬಲವೂ ಬರುತ್ತದೆ.

ಹಾಲು ಹಾಕಲು ಬರುವ ಎಲ್ಲರಿಗೂ ಈ ಪತ್ರಿಕೆಯನ್ನು ಓದುವ ಬಿಡುವು ಇರುವುದಿಲ್ಲ. ಆದ್ದರಿಂದ ಕಾರ್ಯದರ್ಶಿಗಳು ಬೆಳಗಿನ ಸರದಿಯಲ್ಲಿ ಸದಸ್ಯರಿಗೆ ಇದರ ಸಾರಾಂಶ ಹೇಳಬೇಕೆಂದೂ, ಮಾದರಿ ಅರ್ಜಿಯನ್ನು ಸೂಚನಾ ಫಲಕಕ್ಕೆ ಅಂಟಿಸಬೇಕೆಂದೂ ಕೋರುತ್ತೇವೆ. ಸಂದೇಹಗಳಿದ್ದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗಳ ಮೂಲಕ ಬರೆದು ಕಳುಹಿಸಿ.